ಕ್ಷ-ಕಿರಣದ ಮಿಂಚಿನ ಹಿಂದೆ ಸೂಪರ್‌ನೋವಾ ಹುಡುಕುವುದು ಹೇಗೆ?

ಕಳೆದ ಭಾನುವಾರ ಮಾನಸಗಂಗೋತ್ರಿಯ ಮರದಡಿ ಕುಳಿತು ಓದುತ್ತಿದ್ದಾಗ ಗೆಳತಿಯೊಬ್ಬಳು ಕೇಳಿದಳು: “ಕ್ಷ-ಕಿರಣದ ಮಿಂಚು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆಕಾಶದ ಅದೇ ಜಾಗವನ್ನು ಮತ್ತೆ ಮೂರು ವಾರ ನೋಡುತ್ತ ಕೂರುವುದೇಕೆ?” ಪರೀಕ್ಷೆಗೆ ನಾಲ್ಕು ಸಾಲಿನ ಉತ್ತರ ಸಾಕು. ಆದರೆ ಈ ಅಧ್ಯಾಯದ ಜೀವ ಇರುವುದೇ ಆ ಪ್ರಶ್ನೆಯಲ್ಲಿ. ಹಾಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮಿಂಚು ಎಂದರೇನು ಎಂಬುದು. ಗಾಮಾ ಕಿರಣ ಸ್ಫೋಟಗಳು, ಅಂದರೆ ಬಹುದೂರದಿಂದ ಬರುವ ಗಾಮಾ ಕಿರಣಗಳ ಕ್ಷಣಿಕ ಹೊಳಪುಗಳು, ನಮಗೆ ಗೊತ್ತು. ಅವುಗಳಂತೆಯೇ ಥಟ್ಟನೆ ಹೊಳೆದು ಆರುವ, ಆದರೆ ಶಕ್ತಿಯ ಬಹುಪಾಲನ್ನು ಗಾಮಾ ಬದಲು ಕ್ಷ-ಕಿರಣಗಳಲ್ಲಿ ಚೆಲ್ಲುವ ಘಟನೆಗಳನ್ನು ಬೆಪ್ಪೋಸ್ಯಾಕ್ಸ್ ಉಪಗ್ರಹದ ವಿಶಾಲ ನೋಟದ ಕ್ಯಾಮೆರಾಗಳು ಗುರುತಿಸಿದವು. ಇವೇ ಕ್ಷ-ಕಿರಣ ಮಿಂಚುಗಳು.

ಇವು ಬೇರೆಯೇ ಜಾತಿಯವೋ, ಗಾಮಾ ಸ್ಫೋಟಗಳನ್ನೇ ನಾವು ಓರೆಯಿಂದ ನೋಡುತ್ತಿದ್ದೇವೆಯೋ? ಕರೆಂಟು ಹೋದ ರಾತ್ರಿ ಊರಿನ ಓಣಿಯನ್ನು ನೆನಪಿಸಿಕೊಳ್ಳಿ. ಎದುರಿಗೆ ಬರುವವರ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಲಾಟೀನು. ಟಾರ್ಚ್ ನೇರ ಮುಖಕ್ಕೆ ಬಿದ್ದರೆ ಕಣ್ಣು ಕೋರೈಸುತ್ತದೆ, ಪಕ್ಕಕ್ಕೆ ಸರಿದರೆ ಮಂಕಾಗುತ್ತದೆ. ಲಾಟೀನು ಮಾತ್ರ ಎಲ್ಲಿ ನಿಂತರೂ ಹೆಚ್ಚುಕಡಿಮೆ ಒಂದೇ. ಕುಸಿಯುವ ನಕ್ಷತ್ರದಿಂದ ಹೊರಡುವ ಕಿರಿದಾದ ಜೆಟ್ (ವೇಗದ ದ್ರವ್ಯಧಾರೆ) ಟಾರ್ಚ್ ಇದ್ದಂತೆ. ಆ ನಕ್ಷತ್ರವೇ ಸಿಡಿದು ಬೆಳಗುವ ಸೂಪರ್‌ನೋವಾ ಲಾಟೀನು ಇದ್ದಂತೆ. ಮಿಂಚು ಓರೆಯಿಂದ ಕಂಡ ಗಾಮಾ ಸ್ಫೋಟವೇ ಆಗಿದ್ದರೆ ಅದರ ಹಿಂದಿನ ಸೂಪರ್‌ನೋವಾ ಮಂಕಾಗಿರಬೇಕಾದ ಕಾರಣವಿಲ್ಲ. ಜೆಟ್ಟೇ ದುರ್ಬಲವಾಗಿದ್ದರೆ, ದ್ರವ್ಯದ ಭಾರ ಹೊತ್ತು ನಿಧಾನವಾಗಿದ್ದರೆ, ಕಥೆ ಬೇರೆಯಾಗಬಹುದು. ಹುಡುಕಾಟದ ಉದ್ದೇಶ ಇದು. ಬರಿಯ ಕುತೂಹಲಕ್ಕಾಗಿ ಯಾರೂ ದೊಡ್ಡ ದೂರದರ್ಶಕದ ರಾತ್ರಿಗಳನ್ನು ಕೊಡುವುದಿಲ್ಲ.

ಹೋಲಿಸಲು ಒಂದು ಅಳತೆಗೋಲು ಬೇಕಲ್ಲ? ಅದು ಎಸ್‌ಎನ್ (ಸೂಪರ್‌ನೋವಾ) 1998ಬಿಡಬ್ಲ್ಯೂ. 1998ರ ಏಪ್ರಿಲ್ 25ರ ಗಾಮಾ ಸ್ಫೋಟದ ಜಾಗದಲ್ಲೇ ಕಂಡ ಈ ಸೂಪರ್‌ನೋವಾ ಎರಡರ ನಂಟನ್ನು ಮೊದಲು ತೋರಿಸಿತು. 2003ರ ಮಾರ್ಚ್ 29ರ ಸ್ಫೋಟದ ಹಿಂದೆ ಸಿಕ್ಕ 2003ಡಿಎಚ್ ಆ ನಂಟನ್ನು ಗಟ್ಟಿಮಾಡಿತು.

ಈಗ ಕಾಯುವ ವಿಷಯ. ಸೂಪರ್‌ನೋವಾ ತಡವಾಗಿ ಬೆಳಗುವುದು ಸ್ಫೋಟದಲ್ಲಿ ಹುಟ್ಟುವ ವಿಕಿರಣಶೀಲ ನಿಕ್ಕಲ್-56ರಿಂದ. ಅದರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 6 ದಿನ. ಅದು ಕೋಬಾಲ್ಟ್-56 ಆಗುತ್ತದೆ, ಕೋಬಾಲ್ಟ್ ಸುಮಾರು 77 ದಿನಗಳ ಅರ್ಧಾಯುವಿನಲ್ಲಿ ಕಬ್ಬಿಣವಾಗುತ್ತದೆ. ಹುಟ್ಟಿದ ಶಕ್ತಿ ಮೊದಮೊದಲು ದಟ್ಟ ಅವಶೇಷದೊಳಗೆ ಸಿಕ್ಕಿಕೊಳ್ಳುತ್ತದೆ. ಅವಶೇಷ ಹಿಗ್ಗಿ ತೆಳುವಾದಂತೆ ಬೆಳಕು ಸೋರತೊಡಗುತ್ತದೆ. ಒಳಗಿನ ಉತ್ಪಾದನೆ ಇಳಿಯುತ್ತಿದೆ, ಹೊರಗಿನ ಸೋರಿಕೆ ಏರುತ್ತಿದೆ. ಎರಡೂ ಸಮವಾಗುವ ಹೊತ್ತೇ ಗರಿಷ್ಠ ಕಾಂತಿ. ಜೆಟ್‌ನ ಉಳಿಬೆಳಕಿನ, ಅಂದರೆ ಮಿಂಚು ಆರಿದ ಮೇಲೂ ಉಳಿದು ಬೇಗ ಮಂಕಾಗುವ ಬೆಳಕಿನ, ನಡೆ ಬೇರೆ. ಮಂಡ್ಯದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಕಬ್ಬಿನ ತರಗು ಭಗ್ಗೆಂದು ಉರಿದು ಬೂದಿಯಾಗುತ್ತದೆ, ಆಲೆಮನೆಯ ಕೊಪ್ಪರಿಗೆ ನಿಧಾನಕ್ಕೆ ಕಾದು ಕುದಿಗೆ ಬರುತ್ತದೆ. ಉಳಿಬೆಳಕು ಇಳಿಯುವ ಗೆರೆಯ ಮೇಲೆ ಹತ್ತಿಪ್ಪತ್ತು ದಿನಗಳ ನಂತರ ಏಳುವ ಉಬ್ಬನ್ನೇ ನಾವು ಹುಡುಕುವುದು.

ಒಂದು ಲೆಕ್ಕ ಮಾಡೋಣ. ಕೆಂಪುಪಲ್ಲಟ 0.25 ಇರುವ ಮಿಂಚು ಎಂದಿಟ್ಟುಕೊಳ್ಳಿ. ಬ್ರಹ್ಮಾಂಡ ಹಿಗ್ಗುವುದರಿಂದ ದೂರದ ಬೆಳಕಿನ ತರಂಗಾಂತರವೂ ಅಲ್ಲಿನ ಕಾಲವೂ ನಮಗೆ ಎಷ್ಟು ಪಾಲು ಹಿಗ್ಗಿ ಕಾಣುತ್ತವೆ ಎಂಬುದೇ ಕೆಂಪುಪಲ್ಲಟ. 1998ಬಿಡಬ್ಲ್ಯೂ ಗರಿಷ್ಠಕ್ಕೆ ಬರಲು ಸುಮಾರು 16 ದಿನ ತೆಗೆದುಕೊಂಡಿತು. ಅಂಥದ್ದೇ ಇಲ್ಲೂ ಇದ್ದರೆ 16ನ್ನು 1 + 0.25, ಅಂದರೆ 1.25ರಿಂದ ಗುಣಿಸಬೇಕು: 20 ದಿನ. ಈ ಗುಣಾಕಾರವನ್ನು ಮರೆಯುವವರೇ ಹೆಚ್ಚು. ಮರೆತರೆ ನಾಲ್ಕು ದಿನ ಮುಂಚೆಯೇ ನೋಡಿ “ಇನ್ನೂ ಏರುತ್ತಿದೆ” ಎಂದು ಗೊಂದಲವಾಗುತ್ತದೆ. ಆಗ ಅದರ ಕಾಂತಿಮಾನ ಸುಮಾರು 21 (ಈ ಅಳತೆಯಲ್ಲಿ ಅಂಕೆ ಹೆಚ್ಚಿದಷ್ಟೂ ಮಸುಕು, ಪ್ರತಿ 5ಕ್ಕೆ ನೂರು ಪಟ್ಟು). ಬರಿಗಣ್ಣಿನ ಮಿತಿ 6. ವ್ಯತ್ಯಾಸ 15, ಅಂದರೆ ಕಣ್ಣಿಗೆ ಕಾಣುವ ಅತ್ಯಂತ ಮಸುಕು ನಕ್ಷತ್ರಕ್ಕಿಂತ ಹತ್ತು ಲಕ್ಷ ಪಟ್ಟು ಮಸುಕು.

ಇಷ್ಟು ಮಸುಕಾದದ್ದು ಒಂಟಿಯಾಗಿ ನಿಂತಿರುವುದೂ ಇಲ್ಲ, ತನ್ನ ಗೆಲಾಕ್ಸಿಯ ಬೆಳಕಿನೊಳಗೆ ಅಡಗಿರುತ್ತದೆ. ದಸರಾ ದೀಪಾಲಂಕಾರದಲ್ಲಿ ಅರಮನೆಯ ಮೇಲೆ ಲಕ್ಷಕ್ಕೆ ಹತ್ತಿರ ಬಲ್ಬುಗಳು ಉರಿಯುತ್ತವೆ. ನಾಳೆ ಒಂದು ಬಲ್ಬು ಹೆಚ್ಚಾದರೆ ಬಲರಾಮ ದ್ವಾರದ ಬಳಿ ನಿಂತು ಎಷ್ಟು ದಿಟ್ಟಿಸಿದರೂ ಗೊತ್ತಾಗದು. ಆದರೆ ಒಂದೇ ಜಾಗದಲ್ಲಿ ಕ್ಯಾಮೆರಾ ಇಟ್ಟು ಎರಡು ದಿನ ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ, ಕಪ್ಪು ಹಾಳೆಯ ಮೇಲೆ ಆ ಒಂದೇ ಚುಕ್ಕೆ ಉಳಿಯುತ್ತದೆ. ಖಗೋಳದಲ್ಲಿ ಇದು ಅಷ್ಟು ಸಲೀಸಲ್ಲ. ಎರಡು ರಾತ್ರಿಗಳ ಗಾಳಿಯ ಕಲಕಾಟ ಒಂದೇ ಇರುವುದಿಲ್ಲ, ಆದ್ದರಿಂದ ಸ್ಪಷ್ಟವಾದ ಚಿತ್ರವನ್ನು ಬೇಕೆಂದೇ ಇನ್ನೊಂದರಷ್ಟು ಮಸುಕುಮಾಡಿ ಆಮೇಲೆ ಕಳೆಯಬೇಕು. ಹೋಲಿಕೆಗೆ ಬೇಕಾದ ಚಿತ್ರವನ್ನು ಸೂಪರ್‌ನೋವಾ ಆರಿದ ತಿಂಗಳುಗಳ ಬಳಿಕ ತೆಗೆಯುವುದೂ ಉಂಟು.

ಉಬ್ಬು ಕಂಡರೂ ಅದೇ ಕೊನೆಯ ಮಾತಲ್ಲ. ರೋಹಿತ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕು, ಬೇಕು. ಜಲಜನಕ, ಹೀಲಿಯಂ ಗೆರೆಗಳಿಲ್ಲದೆ, ಉಳಿದ ಗೆರೆಗಳು ಅಗಲವಾಗಿ ಹರಡಿದ್ದರೆ ಅದು ವೇಗದ ಐಸಿ (Ic) ಬಗೆಯ ಸೂಪರ್‌ನೋವಾ. ಆ ಅಗಲವೇ ಸೆಕೆಂಡಿಗೆ ಹತ್ತಾರು ಸಾವಿರ ಕಿಲೋಮೀಟರ್ ವೇಗದ ಗುರುತು.

ನಿಜವಾದ ಹುಡುಕಾಟಗಳಲ್ಲಿ ಏನು ಸಿಕ್ಕಿತು? 2002ರ ಸೆಪ್ಟೆಂಬರ್ 3ರ ಮಿಂಚಿನ ಕೆಂಪುಪಲ್ಲಟ ಮೇಲಿನ ಲೆಕ್ಕದಂತೆ 0.25, ಅದರ ಹಿಂದೆ 1998ಬಿಡಬ್ಲ್ಯೂವನ್ನು ಹೋಲುವ ಬೆಳಕು ಕಂಡಿತು. 2004ರ ಜುಲೈ 1ರ ಮಿಂಚು ಇದಕ್ಕಿಂತ ಹತ್ತಿರದ್ದು, ಆದರೂ ಹಬಲ್ ದೂರದರ್ಶಕಕ್ಕೆ ಏನೂ ಸಿಗಲಿಲ್ಲ. 1998ಬಿಡಬ್ಲ್ಯೂವಿನ ಹತ್ತನೆಯ ಒಂದು ಪಾಲು ಹೊಳಪಿದ್ದರೂ ಸಿಗಬೇಕಿತ್ತು. ನನಗೆ ಹೆಚ್ಚು ಇಷ್ಟವಾದದ್ದು ಈ ‘ಸಿಗಲಿಲ್ಲ’. ಎಲ್ಲ ಮಿಂಚುಗಳ ಹಿಂದೆಯೂ ಒಂದೇ ಅಳತೆಯ ಲಾಟೀನು ಇಲ್ಲ ಎಂದು ಅದು ಹೇಳುತ್ತದೆ. 2006ರ ಫೆಬ್ರವರಿ 18ರದ್ದು ಎರಡು ಸಾವಿರ ಸೆಕೆಂಡಿಗೂ ಹೆಚ್ಚು ಕಾಲ ಉರಿಯಿತು. ಸ್ವಿಫ್ಟ್ ಉಪಗ್ರಹ ಆರಂಭದಿಂದಲೇ ನೋಡಿದ್ದರಿಂದ, ಅದರ ಹಿಂದಿನ 2006ಎಜೆ ಸುಮಾರು 10 ದಿನಗಳಲ್ಲೇ ಗರಿಷ್ಠ ತಲುಪಿದ್ದು ದಾಖಲಾಯಿತು. 16 ಎಂಬುದು ಶಾಸನವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

2024ರ ಜನವರಿ 9ರಂದು ಹಾರಿದ ಚೀನಾದ ಐನ್‌ಸ್ಟೈನ್ ಪ್ರೋಬ್ ಉಪಗ್ರಹ ಈಗ ಇಂಥ ಮಿಂಚುಗಳನ್ನು ಹಿಡಿಯುತ್ತಿದೆ. 2025ರ ಜನವರಿ 8ರಂದು ಅದು ಕಂಡ ಮಿಂಚಿನ ಹಿಂದೆ 2025ಕೆಜಿ ಎಂಬ ಸೂಪರ್‌ನೋವಾ ಸಿಕ್ಕಿತು, ಕೆಂಪುಪಲ್ಲಟ 0.176.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ: ಕೆಂಪುಪಲ್ಲಟ 0.8 ಇದ್ದರೆ 5500 ಆಂಗ್‌ಸ್ಟ್ರಮ್ ತರಂಗಾಂತರದ ಬೆಳಕು ನಮಗೆ ಯಾವ ತರಂಗಾಂತರದಲ್ಲಿ ತಲುಪುತ್ತದೆ, 1998ಬಿಡಬ್ಲ್ಯೂನಂಥ ಸೂಪರ್‌ನೋವಾದ ಗರಿಷ್ಠ ಎಷ್ಟನೆಯ ದಿನ? ಯಾವ ಫಿಲ್ಟರ್ ಹಾಕುತ್ತೀರಿ ಎಂಬುದನ್ನೂ ಕಾರಣದೊಂದಿಗೆ ಬರೆದುಕೊಂಡು ಬನ್ನಿ.