ಬಾತುಮೊಟ್ಟೆ ಒಣಗಬೇಕು

ಪಾರ್ಸೆಲ್ ಬಿಚ್ಚಿದಾಗ, ಮರಿ ಮಾಡಿಸಲು ತರಿಸಿದ ಆರು ಹೆಬ್ಬಾತಿನ ಮೊಟ್ಟೆಗಳಲ್ಲಿ ಒಂದೂ ಒಡೆದಿರಲಿಲ್ಲ. ಗೆದ್ದೆ ಅಂದುಕೊಂಡೆ. ರಾತ್ರಿ ದೀಪ ಆರಿಸಿ ಒಂದನ್ನು ಟಾರ್ಚಿನ ಮೇಲಿಟ್ಟು ನೋಡಿದರೆ, ಮೊಂಡು ತುದಿಯಲ್ಲಿ ಟೋಪಿಯ ಹಾಗೆ ಕೂತಿರಬೇಕಾದ ಗಾಳಿಗೂಡು ಕುದುರೆಯ ಜೀನಿನಂತೆ ಎರಡೂ ಪಕ್ಕಕ್ಕೆ ಇಳಿಬಿದ್ದಿತ್ತು. ಮೊಟ್ಟೆಯನ್ನು ಚೂರು ವಾಲಿಸಿದರೆ ಅದೂ ಜಾರುತ್ತಿತ್ತು.

ಈ ಗಾಳಿಗೂಡು ಹಕ್ಕಿಯ ಹೊಟ್ಟೆಯಲ್ಲಿ ಇರುವುದೇ ಇಲ್ಲ. ಮೊಟ್ಟೆ ಹೊರಬಿದ್ದು ತಣ್ಣಗಾಗುವಾಗ ಒಳಗಿದ್ದದ್ದು ಕುಗ್ಗುತ್ತದೆ. ಚಿಪ್ಪಿನ ಒಳಮೈಗೆ ಅಂಟಿದ ಪೊರೆ ಒಂದಲ್ಲ, ಎರಡು. ಕುಗ್ಗಿದ ಎಳೆತಕ್ಕೆ ಅವೆರಡೂ ಮೊಂಡು ತುದಿಯಲ್ಲಿ ಬೇರೆಯಾಗಿ ನಡುವೆ ಹೊರಗಿನ ಗಾಳಿ ಸೇರುತ್ತದೆ. ದಾರಿಯುದ್ದಕ್ಕೂ ಕುಲುಕಾಡಿದರೆ ಪೊರೆಗಳು ಇನ್ನಷ್ಟು ಬಿಟ್ಟುಕೊಳ್ಳುತ್ತವೆ. ಗೋಡೆಯ ಪೋಸ್ಟರಿನ ಮೂಲೆ ಒಮ್ಮೆ ಎದ್ದರೆ ಆಮೇಲೆ ಪೂರ್ತಿ ಕಿತ್ತುಬರುವುದಿಲ್ಲವೇ, ಹಾಗೆ. ಒಳಪೊರೆಯೇ ಹರಿದರಂತೂ ಗಾಳಿ ಗುಳ್ಳೆಯಾಗಿ, ಗಾರೆಯವರ ರಸಮಟ್ಟದಲ್ಲಿ ಓಡಾಡಿದಂತೆ ಮೊಟ್ಟೆಯೊಳಗೆ ಓಡಾಡುತ್ತದೆ.

ಹಾಗಾಗಿ ದೂರದಿಂದ ಬಂದ ಮೊಟ್ಟೆಯನ್ನು ಸೀದಾ ಕಾವು ಕೊಡುವ ಪೆಟ್ಟಿಗೆಯಾದ ಇನ್ಕ್ಯುಬೇಟರ್‌ಗೆ ಇಡಬಾರದು. ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಕೋಣೆಯಲ್ಲಿ ಸುಮ್ಮನೆ ಬಿಡಬೇಕು. ತಣ್ಣಗಿದ್ದದ್ದನ್ನು ಒಮ್ಮೆಲೇ ಬಿಸಿಗಿಟ್ಟರೆ ಚಿಪ್ಪು ಬೆವರುತ್ತದೆ, ಆ ತೇವದ ಜತೆ ಬ್ಯಾಕ್ಟೀರಿಯಾ ರಂಧ್ರಗಳೊಳಗೆ ಇಳಿಯುತ್ತದೆ. ಕಾವಿಗಿಟ್ಟ ಮೇಲೂ ಮೊದಲ ಎರಡು ಮೂರು ದಿನ ಹೊರಳಿಸದೆ ನೆಟ್ಟಗೇ ನಿಲ್ಲಿಸಿ, ಆಮೇಲೆ ಆ ಕಡೆ ಈ ಕಡೆ ವಾಲಿಸುವುದು ರೂಢಿ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್. ಮರಿಯಾಗಲು ಬಾತಿಗೆ 28 ದಿನ, ಮಸ್ಕೊವಿ ಬಾತಿಗೆ 35, ಹೆಬ್ಬಾತಿಗೆ 30ರ ಆಸುಪಾಸು. ಇದೆಲ್ಲ ಗೊತ್ತಿರುವುದೇ.

ತಪ್ಪಾಗಿ ಗೊತ್ತಿರುವುದು ನೀರಿನ ವಿಷಯ. ನೀರುಹಕ್ಕಿಯಲ್ಲವೇ, ಮೊಟ್ಟೆಗೂ ನೀರು ಬೇಕು ಎಂದು ತಟ್ಟೆ ತುಂಬ ನೀರಿಟ್ಟು ಪೆಟ್ಟಿಗೆಯೊಳಗೆಲ್ಲ ಹಬೆ ಕಟ್ಟಿಸುವವರಿದ್ದಾರೆ. ನಾನೂ ಅದನ್ನೇ ಮಾಡಿದ್ದೆ. ಮೊಟ್ಟೆಗೆ ನೀರು ಬೇಕಿಲ್ಲ ಸ್ವಾಮಿ, ಇರುವ ನೀರನ್ನೇ ಅದು ಕಳೆದುಕೊಳ್ಳಬೇಕು! ಹರ್ಮನ್ ರಾನ್, ಅಮೋಸ್ ಆರ್, ಚಾರ್ಲ್ಸ್ ಪಗನೆಲ್ಲಿ ಎಂಬ ವಿಜ್ಞಾನಿಗಳು 1979ರಲ್ಲಿ ಕೊಟ್ಟ ಲೆಕ್ಕ ನೋಡಿ: 60 ಗ್ರಾಂನ ಕೋಳಿಮೊಟ್ಟೆ 21 ದಿನದಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಒಳಗೆಳೆದುಕೊಂಡು, 4.5 ಲೀಟರ್ ಇಂಗಾಲದ ಡೈಆಕ್ಸೈಡನ್ನೂ 11 ಲೀಟರ್ ನೀರಾವಿಯನ್ನೂ ಹೊರಬಿಡುತ್ತದೆ. ನೀರು ಖಾಲಿಮಾಡಿದ ಜಾಗವನ್ನು ಗಾಳಿ ತುಂಬುತ್ತದೆ. 80 ಗ್ರಾಂನ ಬಾತುಮೊಟ್ಟೆ ಮರಿ ಹೊರಬರುವಷ್ಟರಲ್ಲಿ 10–11 ಗ್ರಾಂ ಹಗುರಾಗಿರಬೇಕು. ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ ನೋಡಿ; ತೇವಾಂಶದ ಮೀಟರಿಗಿಂತ ತಕ್ಕಡಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಹಾಲಿನಿಂದ ನೀರನ್ನು ಬೇರ್ಪಡಿಸುತ್ತದೆಂದು ಹಂಸವನ್ನು ಕವಿಗಳು ಹೊಗಳಿದರು. ಅದೇ ಕುಲದ ಹೆಬ್ಬಾತು ಚಿಪ್ಪಿನೊಳಗೆ ಒಂದು ತಿಂಗಳು ನಿಜಕ್ಕೂ ನೀರನ್ನು ಬೇರ್ಪಡಿಸುತ್ತದೆ, ನೋಡುವವರಿಲ್ಲ.

ಅಷ್ಟು ದೊಡ್ಡ ಗಾಳಿಗೂಡು ಯಾಕೆ ಬೇಕು? ಕೊನೆಯವರೆಗೂ ಮರಿಯ ಶ್ವಾಸಕೋಶಕ್ಕೆ ಕೆಲಸವಿಲ್ಲ. ಚಿಪ್ಪಿಗೆ ಒತ್ತಿಕೊಂಡ ರಕ್ತನಾಳಗಳ ಬಲೆಯೇ ಅದರ ಉಸಿರು. ಮರಿ ಬಲಿತಾಗ ರಂಧ್ರಗಳಿಂದ ಬರುವ ಆಮ್ಲಜನಕ ಸಾಲದು. ಆಗ ಅದು ಕೊಕ್ಕಿನಿಂದ ಒಳಪೊರೆ ಚುಚ್ಚಿ ಗಾಳಿಗೂಡಿಗೆ ಮೂಗು ತೂರಿಸಿ ಮೊದಲ ಉಸಿರೆಳೆಯುತ್ತದೆ. ಮುಳುಗುಗಾರನ ಬೆನ್ನಿಗಿರುವ ಸಿಲಿಂಡರ್ ಅನ್ನಿ. ಅಥವಾ ನಡುಮನೆಗೂ ಬೀದಿಗೂ ಮಧ್ಯದ ಜಗಲಿ ಅನ್ನಿ: ಪೂರ್ತಿ ಒಳಗೂ ಅಲ್ಲ, ಹೊರಗೂ ಅಲ್ಲ, ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳುವ ಜಾಗ. ಅಲ್ಲಿ ಕೂತೇ ಮರಿ ಚಿಪ್ಪಿಗೆ ಕುಟ್ಟಲು ಶುರುಮಾಡುತ್ತದೆ. ಚಿಪ್ಪಿನಲ್ಲಿ ತೂತು ಕಂಡ ಮೇಲೂ ಒಂದೆರಡು ದಿನ ಹಿಡಿಯಬಹುದು. ನಾಳಗಳ ರಕ್ತ, ಹಳದಿ ಲೋಳೆಯ ಚೀಲ ಎರಡೂ ಮೈಯೊಳಗೆ ಸೇರಬೇಕಲ್ಲ. ಪಾಪ ಎಂದು ಚಿಪ್ಪು ಬಿಡಿಸಲು ಹೋದರೆ ರಕ್ತ ಬರುತ್ತದೆ.

ನಾನು ಹಬೆಯಲ್ಲಿಟ್ಟ ಆರರಲ್ಲಿ ನಾಲ್ಕು ಒಡೆಯಲಿಲ್ಲ. ದಿನ ಮೀರಿದ ಮೇಲೆ ಒಂದನ್ನು ಬಿಡಿಸಿದೆ. ಪೂರ್ತಿ ಬೆಳೆದ ಮರಿ, ಉಗುರು ಸಮೇತ. ಮೈಯೆಲ್ಲ ಜೊಳಜೊಳ, ಗಾಳಿಗೂಡು ನಾಣ್ಯದಗಲ. ಕೊಕ್ಕು ತೂರಿದಲ್ಲಿ ಗಾಳಿಯ ಬದಲು ನೀರಿತ್ತು. ಹೊರಗಿನ ತೇವಾಂಶ ಕೊನೆಯ ಮೂರು ದಿನ ಏರಬೇಕು ನಿಜ, ತೂತಾದ ಮೇಲೆ ಪೊರೆ ಒಣಗಿ ಮರಿಗೆ ಬಿಗಿಯಬಾರದೆಂದು. ಅದಕ್ಕೆ ಮೊದಲು ಬೇಡ.

ಮರಿಯಾಗದಿದ್ದರೆ ಗುಡುಗನ್ನು ದೂರುವ ಚಾಳಿ ಬಹಳ ಹಳೆಯದು. ಮೊದಲ ಶತಮಾನದ ರೋಮಿನ ಕೃಷಿ ಲೇಖಕ ಕೊಲುಮೆಲ್ಲ, ಗುಡುಗು ತಾಗದಿರಲೆಂದು ಜನ ಗೂಡಿನ ಹುಲ್ಲಿನಡಿ ಬೆಳ್ಳುಳ್ಳಿ, ಕಬ್ಬಿಣದ ಮೊಳೆ ಇಡುತ್ತಿದ್ದುದನ್ನು ಬರೆದಿದ್ದಾನೆ. ಅವನ ಪ್ರಕಾರ ಚೂಪು ಮೊಟ್ಟೆ ಗಂಡು. ಅರಿಸ್ಟಾಟಲ್‌ನ ಪ್ರಕಾರ ಚೂಪು ಮೊಟ್ಟೆ ಹೆಣ್ಣು! ಇಬ್ಬರೂ ಹತ್ತು ಮೊಟ್ಟೆಗೆ ಗುರುತು ಹಾಕಿ ನೋಡಬಹುದಿತ್ತು. ಹಕ್ಕಿಗಳಲ್ಲಿ ಲಿಂಗ ನಿರ್ಧಾರವಾಗುವುದು ತಾಯಿಯ ಕ್ರೋಮೊಸೋಮಿನಿಂದ, ಚಿಪ್ಪು ಕಟ್ಟುವುದಕ್ಕೂ ಮುಂಚೆ.

ಹುಟ್ಟಿದ ಮೇಲೆ ಕಷ್ಟ ಕಡಿಮೆ. ಬಾತುಮರಿಗಳಿಗೆ ನಯಾಸಿನ್ ಎಂಬ ಬಿ ವಿಟಮಿನ್ ಕೋಳಿಮರಿಗಿಂತ ಹೆಚ್ಚು ಬೇಕು, ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಬರೀ ಕೋಳಿ ಆಹಾರ ಹಾಕುವವರು ಯೀಸ್ಟ್ ಬೆರೆಸುತ್ತಾರೆ. ಕುಡಿಯುವ ನೀರು ಮೂಗಿನ ಹೊಳ್ಳೆ ಅದ್ದುವಷ್ಟು ಆಳವಿರಲಿ. ಆದರೆ ತಾಯಿಯಿಲ್ಲದ ಮರಿಯನ್ನು ಈಜಲು ಬಿಟ್ಟು ಹೋಗಬೇಡಿ, ಅದರ ತುಪ್ಪಳ ಬೇಗ ನೆನೆದು ಚಳಿ ಹಿಡಿಯುತ್ತದೆ.

ಮರಿ ಹುಟ್ಟಿದೊಡನೆ ಕಂಡ ಚಲಿಸುವ ವಸ್ತುವನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಹೆಬ್ಬಾತುಗಳಲ್ಲಿ ತೋರಿಸಿ, 1973ರಲ್ಲಿ ನೊಬೆಲ್ ಹಂಚಿಕೊಂಡ. ಬದುಕಿದ ನನ್ನ ಎರಡು ಮರಿಗಳೂ ಹಿಂದೆಯೇ ಬರುತ್ತವೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದರೆ ದೊಡ್ಡದು ಅಳುತ್ತ ನಿಲ್ಲುತ್ತದೆ. ಚಿಕ್ಕದು ಚಪ್ಪಲಿಯ ಮೇಲೆ ಕೂತು ನಿದ್ದೆ ಹೋಗುತ್ತದೆ.