ಬರೀ ಕ್ರ್ಯಾಕೋ, ಮೂಳೆಯೇ ಮುರಿದಿದೆಯೋ?

ಪ್ರಶ್ನೆ: ಮೆಟ್ಟಿಲು ಇಳಿಯುವಾಗ ಬಲಗಾಲು ಉಳುಕಿತು. ಎಕ್ಸ್‌ರೇ ರಿಪೋರ್ಟಿನಲ್ಲಿ ‘ಅನ್‌ಡಿಸ್‌ಪ್ಲೇಸ್ಡ್ ಅವಲ್ಶನ್ ಫ್ರ್ಯಾಕ್ಚರ್, ಬೇಸ್ ಆಫ್ ಫಿಫ್ತ್ ಮೆಟಟಾರ್ಸಲ್, ರೈಟ್’ ಎಂದಿದೆ. ಡಾಕ್ಟರು, ‘ಏನಿಲ್ಲ, ಸಣ್ಣ ಕ್ರ್ಯಾಕು, ಗಟ್ಟಿ ಅಟ್ಟೆಯ ಶೂ ಹಾಕ್ಕೊಂಡು ನಡೀರಿ’ ಅಂದರು. ಪಕ್ಕದ ಮನೆಯವರಿಗೆ ಇದೇ ಮೂಳೆಗೆ ಎರಡು ತಿಂಗಳು ಪ್ಲಾಸ್ಟರ್ ಹಾಕಿ, ಕಾಲು ಊರಬೇಡಿ ಎಂದಿದ್ದರು. ನನಗೆ ಆಗಿರುವುದು ಬಿರುಕೋ, ಮುರಿತವೋ? ಫಿಲ್ಮ್ ನೋಡಿ ನಮಗೇ ತಿಳಿದುಕೊಳ್ಳಲು ಆಗುತ್ತದೆಯೇ?

ಉತ್ತರ: ಮುರಿತವೇ. ಕ್ರ್ಯಾಕ್, ಹೇರ್‌ಲೈನ್, ಬಿರುಕು, ಫ್ರ್ಯಾಕ್ಚರ್ ಎಲ್ಲವೂ ವೈದ್ಯರ ಲೆಕ್ಕದಲ್ಲಿ ಒಂದೇ. ರೋಗಿ ಗಾಬರಿಯಾಗದಿರಲಿ ಎಂದು ‘ಬರೀ ಕ್ರ್ಯಾಕು’ ಅನ್ನುವುದು ರೂಢಿ. ಆ ಮಾತು ಕೇಳಿ ಮರುದಿನವೇ ಬ್ಯಾಂಡೇಜ್ ಬಿಚ್ಚಿಟ್ಟು ಮದುವೆ ಮನೆಯಲ್ಲಿ ಓಡಾಡುವವರೂ ಇದ್ದಾರೆ, ಹಾಗಾಗಿ ಆ ರೂಢಿ ನನಗೆ ಅಷ್ಟಾಗಿ ಇಷ್ಟವಿಲ್ಲ. ಅದಿರಲಿ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಪಕ್ಕದ ಮನೆಯವರ ಪ್ಲಾಸ್ಟರಿನಲ್ಲಿ. ಒಂದೇ ಮೂಳೆಗೆ ಇಬ್ಬರಿಗೆ ಎರಡು ಬಗೆಯ ಚಿಕಿತ್ಸೆ ಯಾಕೆ? ಬಿರುಕು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಎಲ್ಲಿ ಬಿದ್ದಿದೆ ಅನ್ನುವುದು ಮುಖ್ಯ. ಈ ಮೂಳೆಯಲ್ಲಂತೂ ಒಂದೆರಡು ಸೆಂಟಿಮೀಟರ್ ಆಚೀಚೆಯಾದರೆ ಕಥೆಯೇ ಬೇರೆ.

ನೋವಿಲ್ಲದ ಎಡಗಾಲಿನ ಕಿರುಬೆರಳಿನಿಂದ ಶುರುಮಾಡಿ ಪಾದದ ಹೊರ ಅಂಚಿನಗುಂಟ ಹಿಮ್ಮಡಿಯ ಕಡೆಗೆ ಬೆರಳಾಡಿಸುತ್ತ ಬನ್ನಿ. ಸುಮಾರು ಅರ್ಧ ದಾರಿಯಲ್ಲಿ ಗಟ್ಟಿಯಾದ ಉಬ್ಬೊಂದು ಸಿಗುತ್ತದೆ. ಶೂ ಬಿಗಿಯಾದರೆ ಉಜ್ಜುವ ಜಾಗ ಅದೇ. ಅದು ಐದನೇ ಮೆಟಟಾರ್ಸಲ್‌ನ, ಅಂದರೆ ಕಿರುಬೆರಳಿನ ಹಿಂದೆ ಪಾದದೊಳಗಿರುವ ಉದ್ದ ಮೂಳೆಯ, ಬುಡ. ಕಾಲಿನ ಹೊರಬದಿಯಿಂದ ಇಳಿದು ಬರುವ ಪೆರೋನಿಯಸ್ ಬ್ರೆವಿಸ್ ಎಂಬ ಸ್ನಾಯುವಿನ ರಜ್ಜು ಅಲ್ಲಿಗೆ ಬಂದು ಅಂಟಿಕೊಂಡಿದೆ. ಅಂಗಾಲಿನ ಗಟ್ಟಿ ಪೊರೆಯ ಒಂದು ಪಟ್ಟಿಯೂ ಅಲ್ಲಿಗೇ ಸೇರುತ್ತದೆ. ಪಾದ ಒಳಕ್ಕೆ ಮಗುಚಿದಾಗ ಇವು ಜಗ್ಗಿ ಉಬ್ಬಿನ ತುದಿಯನ್ನೇ ಕಿತ್ತುಬಿಡುತ್ತವೆ. ನಿಮ್ಮ ರಿಪೋರ್ಟಿನ ‘ಅವಲ್ಶನ್’ ಇದೇ. ಅಲ್ಲಿನ ಮೂಳೆಗೆ ರಕ್ತಸಂಚಾರ ಧಾರಾಳ, ಹಾಗಾಗಿ ತುಂಡು ಹೆಚ್ಚು ಸರಿಯದಿದ್ದರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಗಟ್ಟಿ ಅಟ್ಟೆಯ ಶೂ ಅಥವಾ ವಾಕಿಂಗ್ ಬೂಟ್ ಹಾಕಿಕೊಂಡು ನೋವು ತಡೆಯುವಷ್ಟು ನಡೆಯಬಹುದು. ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ.

ಅದೇ ಉಬ್ಬಿನಿಂದ ಬೆರಳುಗಳ ಕಡೆಗೆ ಸ್ವಲ್ಪ ಮುಂದೆ, ಬುಡ ಮುಗಿದು ಮೂಳೆಯ ಸಪೂರ ದಂಡ ಶುರುವಾಗುವಲ್ಲಿ ಮುರಿದರೆ ಅದಕ್ಕೆ ಜೋನ್ಸ್ ಫ್ರ್ಯಾಕ್ಚರ್ ಎಂದು ಹೆಸರು. ಬುಡದ ಕಡೆಯಿಂದ ಬರುವ ರಕ್ತನಾಳಗಳೂ ದಂಡದೊಳಗೆ ಹರಿಯುವ ನಾಳವೂ ಅಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತವೆ, ಕಾಲುವೆಯ ಕೊನೆಯಂಚಿನ ಗದ್ದೆಗೆ ನೀರು ಮುಟ್ಟದ ಹಾಗೆ. ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ, ಕೂಡಿದ್ದು ಮತ್ತೆ ಮುರಿಯುವುದೂ ಉಂಟು. ಅದಕ್ಕೇ 6ರಿಂದ 8 ವಾರ ಕಾಲೂರದೆ ಪ್ಲಾಸ್ಟರ್. ಆಟಗಾರರಿಗಾದರೆ ಬೇಗ ಸ್ಕ್ರೂ ಹಾಕುವುದೇ ಮೇಲು ಎಂಬುದು ಬಹಳಷ್ಟು ಸರ್ಜನ್‌ಗಳ ಅಭಿಪ್ರಾಯ. ಪಕ್ಕದ ಮನೆಯವರಿಗೆ ಆಗಿದ್ದು ಬಹುಶಃ ಇದೇ.

ಈ ಜೋನ್ಸ್ ಯಾರೆಂದರೆ ಲಿವರ್‌ಪೂಲ್‌ನ ಸರ್ಜನ್ ರಾಬರ್ಟ್ ಜೋನ್ಸ್. ಮುರಿದದ್ದು ಅವರದೇ ಕಾಲು, ಅದೂ ಕುಣಿಯುವಾಗ. ಹಿಮ್ಮಡಿ ಮೇಲೆತ್ತಿದ್ದ ಹೊತ್ತಿಗೆ ಪಾದದ ಹೊರ ಅಂಚಿನ ಮೇಲೆ ಭಾರ ಬಿತ್ತು. ಸ್ನಾಯುರಜ್ಜು ಹರಿದಿರಬೇಕು ಎಂದೇ ಅವರು ಮೊದಲು ಅಂದುಕೊಂಡಿದ್ದರು. ಎಕ್ಸ್‌ರೇ ತೆಗೆಸಿದರೆ ಬುಡದಿಂದ ಮುಕ್ಕಾಲು ಇಂಚು ದೂರದಲ್ಲಿ ಮೂಳೆಯೇ ಮುರಿದಿತ್ತು. 1902ರಲ್ಲಿ ಇದನ್ನು ತಮ್ಮ ಲೇಖನದಲ್ಲಿ ಬರೆದರು. ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ ಏಳು ವರ್ಷ. ಇನ್ನೊಂದು ಮಾತು: ಜೋನ್ಸ್ ಕೆಲಸ ಕಲಿತದ್ದು ಹ್ಯೂ ಓವನ್ ಥಾಮಸ್ ಅವರ ಬಳಿ, ಆ ಥಾಮಸ್ ಹುಟ್ಟಿದ್ದು ವೇಲ್ಸ್‌ನ ಮೂಳೆ ಕಟ್ಟುವವರ ಮನೆತನದಲ್ಲಿ. ನಮ್ಮಲ್ಲಿ ನಾಟಿ ಕಟ್ಟು ಕಟ್ಟುವ ಮನೆತನಗಳಿವೆಯಲ್ಲ, ಅಂಥದ್ದೇ. ಕಟ್ಟಿನ ಕೌಶಲ ದೊಡ್ಡದೇ. ಆದರೆ ಈ ಎರಡು ಮುರಿತಗಳ ನಡುವಿನ ವ್ಯತ್ಯಾಸ ಬರೀ ಕೈಗೆ ಸಿಗುವಂಥದ್ದಲ್ಲ, ಫಿಲ್ಮ್ ನೋಡಲೇಬೇಕು.

ಈಗ ನಿಮ್ಮ ಫಿಲ್ಮ್ ತೆಗೆಯಿರಿ. ಮೊದಲು ಹೆಸರು, ತಾರೀಕು, ಎಡವೋ ಬಲವೋ ಎಂಬ ಗುರುತು ನೋಡಿ. ತಮಾಷೆಯಲ್ಲ, ಓದಲು ಕಲಿಯುವ ವೈದ್ಯ ವಿದ್ಯಾರ್ಥಿಗಳಿಗೂ ಇದೇ ಮೊದಲ ಪಾಠ. ಪಾದದ ಎಕ್ಸ್‌ರೇ ಸಾಮಾನ್ಯವಾಗಿ ಮೇಲಿನಿಂದ, ಓರೆಯಾಗಿ, ಪಕ್ಕದಿಂದ ಹೀಗೆ ಮೂರು ನೋಟಗಳಲ್ಲಿ ಇರುತ್ತದೆ. ಒಂದರಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ, ಐದನೇ ಮೆಟಟಾರ್ಸಲ್‌ಗೆ ಓರೆ ನೋಟವೇ ಹೆಚ್ಚು ಅನುಕೂಲ. ಪ್ರತಿ ಮೂಳೆಯ ಸುತ್ತ ತೆಳುವಾದ ಬಿಳಿ ಅಂಚಿರುತ್ತದೆ. ಕಣ್ಣಿನಲ್ಲೇ ಪೆನ್ಸಿಲ್ ಹಿಡಿದವರಂತೆ ಆ ಅಂಚಿನ ಮೇಲೆ ಸುತ್ತು ಹಾಕಿ. ಎಲ್ಲಿ ಅಂಚು ಕಡಿದಿದೆಯೋ, ಅಲ್ಲಿಂದ ಕಪ್ಪು ಗೆರೆಯೊಂದು ಮೂಳೆಯೊಳಗೆ ಹೋಗಿದೆಯೋ, ಅದು ಮುರಿತ. ಆ ಗೆರೆಯ ಒಳತುದಿ ಎತ್ತ ಹೋಗಿದೆ ನೋಡಿ. ನಾಲ್ಕನೇ ಮತ್ತು ಐದನೇ ಮೆಟಟಾರ್ಸಲ್‌ಗಳ ಬುಡಗಳು ಒಂದಕ್ಕೊಂದು ತಾಗುವ ಸಣ್ಣ ಕೀಲಿಗೆ ಹೋಗಿ ಮುಟ್ಟಿದ್ದರೆ ಜೋನ್ಸ್. ಅದಕ್ಕಿಂತ ಹಿಂದೆ, ಹಿಮ್ಮಡಿಯ ಕಡೆ ಉಳಿದಿದ್ದರೆ ನಿಮ್ಮದರಂಥ ಅವಲ್ಶನ್.

ಕಪ್ಪು ಗೆರೆಯೆಲ್ಲ ಮುರಿತವಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳಲ್ಲಿ ಇದೇ ಉಬ್ಬಿನ ಮೇಲೆ ಬೆಳವಣಿಗೆಯ ಗೆರೆ ಇರುತ್ತದೆ. ಅದು ಮೂಳೆಯ ಉದ್ದಕ್ಕೆ ಸಾಗುತ್ತದೆ, ಮುರಿತವಾದರೆ ಅಡ್ಡಡ್ಡ. ದೊಡ್ಡವರಲ್ಲೂ ಕೆಲವರಿಗೆ ಹುಟ್ಟಿನಿಂದಲೇ ಪಾದದಲ್ಲಿ ಪುಟ್ಟ ಹೆಚ್ಚುವರಿ ಮೂಳೆಗಳಿರುತ್ತವೆ. ಅವುಗಳ ಅಂಚು ನುಣುಪು, ಸುತ್ತಲೂ ಬಿಳಿ ಗೆರೆ ಪೂರ್ತಿಯಾಗಿರುತ್ತದೆ. ಹೊಸದಾಗಿ ಮುರಿದ ತುಂಡಿನ ಅಂಚು ಚೂಪು, ಮುರಿದ ಬದಿಗೆ ಬಿಳಿ ಗೆರೆ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ, ಒತ್ತಿದರೆ ಅಲ್ಲೇ ನೋಯುತ್ತದೆಯೇ ಅನ್ನುವುದು.

ಇನ್ನು ರಿಪೋರ್ಟಿನ ಭಾಷೆ. ನೋಡದವನೂ ಕೇಳಿದೊಡನೆ ಕಾಗದದ ಮೇಲೆ ಚಿತ್ರ ಬಿಡಿಸುವಂತೆ ಹೇಳಬೇಕು, ಮುರಿತ ವಿವರಿಸುವುದಕ್ಕೆ ಇರುವ ನಿಯಮ ಅಷ್ಟೇ. ಯಾವ ಕಾಲು, ಯಾವ ಮೂಳೆ, ಮೂಳೆಯ ಯಾವ ಭಾಗ (ಬುಡವೋ, ದಂಡವೋ, ಕುತ್ತಿಗೆಯೋ, ತಲೆಯೋ), ಗೆರೆ ಅಡ್ಡವೋ, ಓರೆಯೋ, ಸುರುಳಿಯೋ, ಚೂರುಚೂರೋ. ತುಂಡು ಸರಿದಿದ್ದರೆ ಎತ್ತ, ಎಷ್ಟು. ಇದನ್ನು ಹೇಳುವಾಗ ಯಾವಾಗಲೂ ದೇಹದಿಂದ ದೂರವಿರುವ ತುಂಡಿನ ಲೆಕ್ಕ ಹಿಡಿಯುತ್ತಾರೆ, ಹತ್ತಿರದ ತುಂಡು ನಿಂತಲ್ಲೇ ಇದೆ ಎಂದುಕೊಂಡು. ಕೊನೆಗೆ, ಗೆರೆ ಕೀಲಿನೊಳಕ್ಕೆ ಹೋಗಿದೆಯೇ ಎಂಬುದು. ನಿಮ್ಮ ರಿಪೋರ್ಟಿನ ‘ಅನ್‌ಡಿಸ್‌ಪ್ಲೇಸ್ಡ್’ ಅಂದರೆ ತುಂಡು ಸರಿದಿಲ್ಲ. ಅದರಲ್ಲಿ ನಿಮಗೆ ನೆಮ್ಮದಿ ಕೊಡಬೇಕಾದ ಪದ ಅದೇ.

ರಿಪೋರ್ಟು ‘ನಾರ್ಮಲ್’ ಎಂದಾಗಲೂ ಕೆಲವು ಕಡೆ ಎಚ್ಚರ ಬೇಕು. ಉಳುಕಿದವರೆಲ್ಲ ಹರಡು (ಪಾದ ಕಾಲಿಗೆ ಸೇರುವ ಕೀಲು) ನೋವು ಅನ್ನುತ್ತಾರೆ, ಹರಡಿನ ಎಕ್ಸ್‌ರೇ ಮಾತ್ರ ತೆಗೆಯುತ್ತಾರೆ, ಐದನೇ ಮೆಟಟಾರ್ಸಲ್‌ನ ಬುಡ ಫಿಲ್ಮಿನ ಅಂಚಿನಾಚೆ ಉಳಿದುಬಿಡುತ್ತದೆ. ಯಾರಿಗೆ ಯಾವ ಎಕ್ಸ್‌ರೇ ಬೇಕು ಎಂದು ತೀರ್ಮಾನಿಸಲು ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ನಿಯಮಗಳು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಹರಡಿನ ಎರಡೂ ಬದಿಯ ಗೆಣ್ಣುಗಳ ಹಿಂಬದಿ ಅಥವಾ ತುದಿ ಒತ್ತಿದರೆ ನೋವೇ? ಪೆಟ್ಟಾದ ಕೂಡಲೇ, ಆಮೇಲೆ ಆಸ್ಪತ್ರೆಯಲ್ಲೂ, ನಾಲ್ಕು ಹೆಜ್ಜೆ ಇಡಲು ಆಗಲಿಲ್ಲವೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಹರಡಿನ ಎಕ್ಸ್‌ರೇ ಬೇಕು. ಐದನೇ ಮೆಟಟಾರ್ಸಲ್‌ನ ಬುಡ ಅಥವಾ ಒಳಬದಿಯ ನ್ಯಾವಿಕ್ಯುಲರ್ ಮೂಳೆ ಒತ್ತಿದರೆ ನೋವು, ಇಲ್ಲವೇ ಆ ನಾಲ್ಕು ಹೆಜ್ಜೆ ಆಗಲಿಲ್ಲ ಎಂದಾದರೆ ಪಾದದ ಎಕ್ಸ್‌ರೇ ಬೇಕು.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಪಾದದ ನಡುಭಾಗದ ಲಿಸ್‌ಫ್ರಾಂಕ್ ಪೆಟ್ಟು, ಅಂದರೆ ಮೆಟಟಾರ್ಸಲ್‌ಗಳು ಹಿಂದಿನ ಮೂಳೆಗಳಿಗೆ ಸೇರುವ ಕೀಲುಗಳಿಗೆ ಆಗುವ ಪೆಟ್ಟು. ಎರಡನೇ ಮೆಟಟಾರ್ಸಲ್‌ನ ಒಳ ಅಂಚೂ ಅದರ ಹಿಂದಿನ ನಡು ಕ್ಯೂನಿಫಾರ್ಮ್ ಮೂಳೆಯ ಒಳ ಅಂಚೂ ಒಂದೇ ಸಾಲಿನಲ್ಲಿರಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೂ ಗಂಭೀರ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಸಾಲಾಗಿಯೇ ಕಾಣುತ್ತದೆ, ನಿಲ್ಲಿಸಿ ಭಾರ ಹಾಕಿ ತೆಗೆದರೆ ಮಾತ್ರ ಬಾಯಿಬಿಡುತ್ತದೆ. ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ ‘ನಾರ್ಮಲ್’ ಎಂಬ ಮಾತನ್ನು ಒಪ್ಪಬೇಡಿ. ಪೆಟ್ಟೇ ಇಲ್ಲದೆ, ಓಡಿ ನಡೆದು ಬರುವ ಸ್ಟ್ರೆಸ್ ಫ್ರ್ಯಾಕ್ಚರ್ ಮೊದಲ ಎರಡು ಮೂರು ವಾರ ಎಕ್ಸ್‌ರೇಗೆ ಕಾಣದೆ ಇರಬಹುದು. ಹಾಗೆಯೇ ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದ್ದರೆ, ನೋವು ಕಡಿಮೆಯಿದ್ದರೂ, ಎಕ್ಸ್‌ರೇ ಚೆನ್ನಾಗಿದ್ದರೂ, ಕಾಲೂರದೆ ತಕ್ಷಣ ವೈದ್ಯರ ಬಳಿ ಹೋಗಬೇಕು.

ಇನ್ನು ನಿಮ್ಮ ವಿಷಯ. ನಾಲ್ಕರಿಂದ ಆರು ವಾರದಲ್ಲಿ ನೋವು ಬಹುಪಾಲು ಇಳಿಯಬೇಕು. ಆಗ ಮತ್ತೊಂದು ಎಕ್ಸ್‌ರೇ ತೆಗೆಸಿದರೆ ಗೆರೆ ಇನ್ನೂ ಕಾಣಬಹುದು, ಹೆದರಬೇಡಿ. ನೋವು ಹೋದ ಎಷ್ಟೋ ದಿನಗಳ ನಂತರ ಫಿಲ್ಮಿನಿಂದ ಗೆರೆ ಹೋಗುತ್ತದೆ. ಬೇರೆ ಊರಿನ ಡಾಕ್ಟರಿಗೆ ತೋರಿಸುವುದಾದರೆ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ವಾಟ್ಸ್‌ಆ್ಯಪ್ ಮಾಡುವ ಬದಲು ಸಿ.ಡಿ. ಇಸಿದುಕೊಂಡು ಹೋಗಿ. ಮತ್ತು ಬಲಗಾಲಿನಲ್ಲಿ ಬೂಟ್ ಇರುವವರೆಗೆ ಕಾರು, ಗೇರ್ ಬೈಕು ಎರಡೂ ಬೇಡ. ಎರಡರ ಬ್ರೇಕೂ ಬಲಗಾಲಿಗೇ ಇರುವುದು.