ಓದುಗರ ಪ್ರಶ್ನೆ: 1956ಕ್ಕೆ ಮೊದಲು ಬ್ರಿಟಿಷ್ ರಂಗಭೂಮಿಯಲ್ಲಿ ಬರೀ ಶ್ರೀಮಂತರ ದಿವಾನಖಾನೆಯಷ್ಟೇ ಇತ್ತೇ?

ಪ್ರಶ್ನೆ: ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನ ನಾಟಕಕಾರರು ಸಿರಿವಂತರ ಹಾಸ್ಯಪ್ರಸಂಗಗಳನ್ನಷ್ಟೇ ಬರೆದರು, ಯುದ್ಧದ ನೋವನ್ನೂ ಬಡವರ ಬದುಕನ್ನೂ ಮೊದಲು ರಂಗಕ್ಕೆ ತಂದವರು 1956ರಲ್ಲಿ 'ಲುಕ್ ಬ್ಯಾಕ್ ಇನ್ ಆ್ಯಂಗರ್' ನಾಟಕದಿಂದ ಹೆಸರಾದ ಜಾನ್ ಆಸ್ಬರ್ನ್ ಮತ್ತು ಅವರ ತಲೆಮಾರಿನವರು ಎನ್ನುವುದು ನಿಜವೇ?

ಉತ್ತರ: ನಿಜವಲ್ಲ. ಆಧುನಿಕ ನಾಟಕದ ಬಗ್ಗೆ ಏನು ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಪರೀಕ್ಷೆಯ ಟಿಪ್ಪಣಿಗಳು ಬರ್ನಾರ್ಡ್ ಶಾ ಅವರಿಂದ ಒಂದೇ ನೆಗೆತಕ್ಕೆ 1956ಕ್ಕೆ ಹೋಗುವುದರಿಂದ, ನಡುವಿನ ದಶಕಗಳಲ್ಲಿ ಏನೂ ನಡೆಯಲಿಲ್ಲವೆಂದು ವಿದ್ಯಾರ್ಥಿಗಳು ನಂಬಿಬಿಡುತ್ತಾರೆ. ಲಂಡನ್ನಿನ ದೊಡ್ಡ ವೃತ್ತಿ ರಂಗಮಂದಿರಗಳಿರುವ ವೆಸ್ಟ್ ಎಂಡ್‌ನಲ್ಲಿ ಲಘು ಹಾಸ್ಯ ಹೇರಳವಾಗಿತ್ತು. ಬೆನ್ ಟ್ರಾವರ್ಸ್ ಅವರ ಪ್ರಹಸನಗಳು ಆಲ್ಡ್‌ವಿಚ್ ರಂಗಮಂದಿರವನ್ನು ವರ್ಷಗಟ್ಟಲೆ ತುಂಬಿಸಿದವು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದಷ್ಟೇ ಇತ್ತು ಎನ್ನುವುದು ಸುಳ್ಳು.

ಆರ್. ಸಿ. ಶೆರಿಫ್ ಅವರ 'ಜರ್ನೀಸ್ ಎಂಡ್' ನಾಟಕವನ್ನೇ ತೆಗೆದುಕೊಳ್ಳಿ. ಯುದ್ಧದಲ್ಲಿ ಅಧಿಕಾರಿಯಾಗಿದ್ದು ಗಾಯಗೊಂಡು ಮರಳಿ, ವಿಮಾ ಕಚೇರಿಯಲ್ಲಿ ದುಡಿಯುತ್ತಿದ್ದ ಶೆರಿಫ್, 1918ರ ಮಾರ್ಚ್‌ನಲ್ಲಿ ಜರ್ಮನ್ ದಾಳಿಗಾಗಿ ಕಾಯುತ್ತ ಕಂದಕದೊಳಗೆ ಕುಳಿತ ಅಧಿಕಾರಿಗಳ ಭಯವನ್ನು, ಭಯ ಮರೆಯಲು ಅವರು ಕುಡಿಯುವ ವಿಸ್ಕಿಯನ್ನು ಯಾವ ಆಡಂಬರವೂ ಇಲ್ಲದೆ ಬರೆದರು. ಹೆಣ್ಣು ಪಾತ್ರವೇ ಇಲ್ಲದ ಯುದ್ಧನಾಟಕವನ್ನು ಆಡಲು ವೆಸ್ಟ್ ಎಂಡ್‌ನ ವ್ಯವಸ್ಥಾಪಕರು ಹಿಂಜರಿದರು. 1928ರ ಡಿಸೆಂಬರ್‌ನಲ್ಲಿ ಸ್ಟೇಜ್ ಸೊಸೈಟಿ ಎಂಬ ಖಾಸಗಿ ನಾಟಕಸಂಘ ಅದನ್ನು ಪ್ರಯೋಗಿಸಿದಾಗ ಮುಖ್ಯ ಪಾತ್ರ ಮಾಡಿದವರು ಯುವಕ ಲಾರೆನ್ಸ್ ಒಲಿವಿಯರ್. ಮರುತಿಂಗಳು ಸವಾಯ್ ರಂಗಮಂದಿರದಲ್ಲಿ ಆರಂಭವಾದ ಪ್ರದರ್ಶನಗಳು ಸುಮಾರು 600ರವರೆಗೆ ನಡೆದವು. ಜನ ಯುದ್ಧವನ್ನು ಮರೆಯಲು ಮಾತ್ರ ನಾಟಕಕ್ಕೆ ಹೋಗುತ್ತಿದ್ದರು ಎನ್ನುವವರು ಈ ಸಂಖ್ಯೆಯನ್ನು ಹೇಗೆ ವಿವರಿಸುತ್ತಾರೆ?

ಬಡತನದ ಮಾತಿಗೆ ಬರೋಣ. ವಾಲ್ಟರ್ ಗ್ರೀನ್‌ವುಡ್ ಅವರ ಕಾದಂಬರಿಯನ್ನು ರೊನಾಲ್ಡ್ ಗೌ ಅವರೊಡನೆ ಸೇರಿ ರೂಪಾಂತರಿಸಿದ 'ಲವ್ ಆನ್ ದ ಡೋಲ್' 1934ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರಂಗಕ್ಕೆ ಬಂದು, ಮರುವರ್ಷ ಲಂಡನ್ನಿನಲ್ಲೂ ತಿಂಗಳುಗಟ್ಟಲೆ ಓಡಿತು. ಅದರಲ್ಲಿ ಸಾಲ್ಫರ್ಡ್‌ನ ಕೂಲಿಕಾರರ ಕೇರಿಯ ಸ್ಯಾಲಿ, ನಿರುದ್ಯೋಗಿ ತಂದೆಗೂ ತಮ್ಮನಿಗೂ ಕೆಲಸ ಸಿಗಲೆಂದು ಹಣವಂತ ಬೂಕಿಯೊಬ್ಬನ ಆಶ್ರಯಕ್ಕೆ ಹೋಗುತ್ತಾಳೆ. ಇದೇ ಕಥೆಯನ್ನು ಸಿನಿಮಾ ಮಾಡಲು ಚಲನಚಿತ್ರ ಸೆನ್ಸಾರ್ ಮಂಡಳಿ 1936ರಲ್ಲಿ ಒಪ್ಪಲಿಲ್ಲ. ಚಿತ್ರ ಬಂದದ್ದು 1941ರಲ್ಲಿ. ಅಂದರೆ ಬೆಳ್ಳಿತೆರೆ ಹೇಳಲಾರದ್ದನ್ನು ಆಗ ರಂಗಭೂಮಿ ಹೇಳುತ್ತಿತ್ತು.

ದಿವಾನಖಾನೆಯ ದೃಶ್ಯವಿದ್ದ ಮಾತ್ರಕ್ಕೆ ನಾಟಕ ಹಗುರವೆಂದೂ ತಿಳಿಯಬಾರದು. ನೋಯೆಲ್ ಕವರ್ಡ್ ಅವರ 1924ರ 'ದ ವೋರ್ಟೆಕ್ಸ್' ಸಿರಿವಂತರ ಮನೆಯಲ್ಲೇ ನಡೆಯುತ್ತದೆ, ಮಗ ಮಾದಕವ್ಯಸನಿ. ಸೋಮರ್ಸೆಟ್ ಮಾಮ್ ಅವರ 1932ರ 'ಫಾರ್ ಸರ್ವಿಸಸ್ ರೆಂಡರ್ಡ್' ನಾಟಕದ ವಕೀಲರ ಮನೆಯಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಮಗ ಕುಳಿತಿದ್ದಾನೆ. ಈ ನಾಟಕ ಬೇಗ ನಿಂತುಹೋಯಿತು, ಆದರೆ ಅದನ್ನು ಓದಿದವರು ಆ ಕಾಲವನ್ನು ನಿಶ್ಚಿಂತೆಯ ಕಾಲವೆಂದು ಕರೆಯಲಾರರು. ಆಸ್ಬರ್ನ್ ಅವರ ಭಾಷೆಯ ಬಿರುಸು ಹೊಸದು, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ; ಅದಕ್ಕಾಗಿ ಹಿಂದಿನವರನ್ನು ಅಳಿಸಬೇಕಿಲ್ಲ.

ಇಲ್ಲಿ ಯಾರೂ ಕೇಳದ, ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯಿದೆ: ಇವರು ಎಷ್ಟನ್ನು ಹೇಳಬಹುದಿತ್ತು? 1843ರ ಕಾಯಿದೆಯ ಪ್ರಕಾರ ಸಾರ್ವಜನಿಕವಾಗಿ ಆಡುವ ಪ್ರತಿಯೊಂದು ಹೊಸ ನಾಟಕಕ್ಕೂ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನ್ ಅವರ ಪರವಾನಗಿ ಬೇಕಿತ್ತು. ಈ ಕಟ್ಟಳೆ 1968ರವರೆಗೆ ಉಳಿಯಿತು. ಪರವಾನಗಿ ಸಿಗದ ನಾಟಕಗಳನ್ನು ಸದಸ್ಯರಿಗಷ್ಟೇ ಪ್ರವೇಶವಿದ್ದ ಕ್ಲಬ್ ರಂಗಮಂದಿರಗಳು ಆಡುತ್ತಿದ್ದವು. ಲಾರೆನ್ಸ್ ಹೌಸ್‌ಮನ್ ಅವರ 'ವಿಕ್ಟೋರಿಯಾ ರೆಜೀನಾ' ರಾಣಿಯನ್ನು ಪಾತ್ರವಾಗಿ ತೋರಿಸಿದ್ದರಿಂದ 1935ರಲ್ಲಿ ಲಂಡನ್ನಿನ ಗೇಟ್ ಥಿಯೇಟರ್‌ನಲ್ಲಿ ಹೀಗೆ ಖಾಸಗಿಯಾಗಿಯೇ ನಡೆಯಬೇಕಾಯಿತು. ವಿಕ್ಟೋರಿಯಾ ಪಟ್ಟಕ್ಕೆ ಬಂದು ನೂರು ವರ್ಷ ತುಂಬಿದ 1937ರ ಜೂನ್‌ನಲ್ಲಷ್ಟೇ ಅದು ಲಿರಿಕ್ ರಂಗಮಂದಿರದಲ್ಲಿ ಎಲ್ಲರಿಗೂ ತೆರೆಯಿತು.